ಕೆರಿಬಿಯನ್ ದ್ವೀಪ ಡೈವಿಂಗ್‌ಗೆ ಯೋಗ್ಯವೇ? ಟಿಕೆಟ್ ಕೊಳ್ಳುವ ಮೊದಲು ಅಳೆದು ನೋಡುವ ಬಗೆ

ಪ್ರವಾಸದ ಜಾಹೀರಾತುಗಳನ್ನು ನಂಬಿದರೆ ಕೆರಿಬಿಯನ್‌ನ ಪ್ರತಿ ದ್ವೀಪವೂ ಸ್ಕೂಬಾ ಡೈವಿಂಗ್‌ಗೆ ಹೇಳಿ ಮಾಡಿಸಿದ ಜಾಗ. ಎಲ್ಲದರಲ್ಲೂ ಅದೇ ನೀಲಿ ನೀರು, ಅದೇ ಆಮೆ, ಅದೇ ನೇರಳೆ ಬಣ್ಣದ, ಬೀಸಣಿಗೆಯಂಥ ಸೀ ಫ್ಯಾನ್ ಹವಳ. ಹೋಗಿ ನೋಡಿದರೆ ಒಂದಕ್ಕೂ ಇನ್ನೊಂದಕ್ಕೂ ಅಜಗಜಾಂತರ. ಬೊನೇರ್‌ನಲ್ಲಿ ಪಿಕಪ್ ವಾಹನ ನಿಲ್ಲಿಸಿ ನಡೆದುಕೊಂಡೇ ನೀರಿಗಿಳಿಯಬಹುದು. ಸೇಬಾದಲ್ಲಿ ದೋಣಿಯಿಲ್ಲದೆ ಡೈವಿಂಗ್ ಇಲ್ಲ. ಕೊಝುಮೆಲ್‌ನಲ್ಲಿ ಇಳಿದ ಮೇಲೆ ಎತ್ತ ಹೋಗಬೇಕೆಂದು ಸೆಳೆತವೇ ಹೇಳುತ್ತದೆ.

ಹಾಗಾಗಿ "ಆ ದ್ವೀಪ ಚೆನ್ನಾಗಿದೆಯಾ?" ಎಂದು ಕೇಳಿ ಪ್ರಯೋಜನವಿಲ್ಲ. ಕೇಳಬೇಕಾದ್ದು ಇದು: ನನ್ನ ಕೈಲಿರುವ ಇಷ್ಟು ದಿನಗಳಲ್ಲಿ, ಈ ತಿಂಗಳಲ್ಲಿ, ನನಗಿರುವ ಅನುಭವಕ್ಕೆ, ನೀರೊಳಗೆ ಎಷ್ಟು ಗಂಟೆ ಒಳ್ಳೆಯ ಡೈವಿಂಗ್ ಸಿಗುತ್ತದೆ? ಇದಕ್ಕೆ ಮನೆಯಲ್ಲೇ ಕೂತು ಉತ್ತರ ಹುಡುಕಬಹುದು. ಬೊನೇರ್ ದ್ವೀಪವನ್ನು ಮುಂದಿಟ್ಟುಕೊಂಡು, ಅಲ್ಲಲ್ಲಿ ಬೇರೆ ದ್ವೀಪಗಳ ಜೊತೆ ಹೋಲಿಸುತ್ತ, ಆ ಕ್ರಮವನ್ನು ಇಲ್ಲಿ ಕೊಟ್ಟಿದ್ದೇವೆ.

1. ಮೊದಲು, ಕೆರಿಬಿಯನ್ ಯಾಕೆ?

ಬೆಂಗಳೂರಿನಿಂದ ಡೈವಿಂಗ್‌ಗೆಂದೇ ಹೊರಡುವವರಾದರೆ ಕೆರಿಬಿಯನ್ ದುಬಾರಿ ಆಯ್ಕೆ. ನೇತ್ರಾಣಿಯಲ್ಲಿ ಕಲಿತು ಅಂಡಮಾನ್, ಲಕ್ಷದ್ವೀಪ, ಮಾಲ್ಡೀವ್ಸ್ ಮುಗಿಸಿದವರಿಗೆ ಅಲ್ಲಿನ ಮೀನಿನ ವೈವಿಧ್ಯ ಸ್ವಲ್ಪ ಸಪ್ಪೆಯೇ ಅನ್ನಿಸಬಹುದು. ಕೆರಿಬಿಯನ್‌ನಲ್ಲಿ ಗಟ್ಟಿ ಹವಳದ ಜಾತಿಗಳು ಸುಮಾರು 65. ಇಂಡೋನೇಷ್ಯಾ, ಫಿಲಿಪೀನ್ಸ್ ಕಡೆಯ ಕೋರಲ್ ಟ್ರಯಾಂಗಲ್‌ನಲ್ಲಿ 500ಕ್ಕೂ ಹೆಚ್ಚು. ಆದರೆ ಡಲ್ಲಾಸ್‌ನಲ್ಲೋ ನ್ಯೂಜೆರ್ಸಿಯಲ್ಲೋ ನೆಲೆಸಿರುವ ಕನ್ನಡಿಗರಿಗೆ ಲೆಕ್ಕ ತಿರುವುಮುರುವು. ಅವರಿಗೆ ಒಂದು ವಾರದ ರಜೆಯಲ್ಲಿ ಹೋಗಿಬರಲು ಸಾಧ್ಯವಿರುವ ಬೆಚ್ಚಗಿನ ಹವಳದ ಕಡಲು ಇದೇ.

ಈ ಕಡಲಿಗೆ ತನ್ನದೇ ಸೊಗಸೂ ಇದೆ. ಆಳೆತ್ತರದ ಬ್ಯಾರೆಲ್ ಸ್ಪಂಜುಗಳು, ಸೀ ಫ್ಯಾನ್‌ಗಳು, ದಡದ ಹತ್ತಿರದಲ್ಲೇ ಕಡಿದಾಗಿ ಇಳಿಯುವ ಗೋಡೆಗಳು, ಹಡಗಿನ ಅವಶೇಷಗಳು, ತಿಳಿಯಾದ ನೀರು. ಬೊನೇರ್‌ನಲ್ಲಿ 30 ಮೀಟರ್ ದೂರದವರೆಗೆ ಕಾಣುವುದು ಅಪರೂಪವೇನಲ್ಲ. ಮಾಂಟಾ, ತಿಮಿಂಗಿಲ ಶಾರ್ಕ್‌ಗಳನ್ನೇ ನೋಡಬೇಕೆಂದು ಹೊರಟವರು ಬೊನೇರ್ ಹೆಸರನ್ನು ಇಲ್ಲೇ ಹೊಡೆದುಹಾಕಬಹುದು. ಅಲ್ಲಿ ನೋಡಲು ಸಿಗುವುದು ಕಡಲ್ಗುದುರೆ, ಫ್ರಾಗ್‌ಫಿಶ್, ಆಮೆ, ಟಾರ್ಪನ್, ಮೋರೇ ಈಲ್.

2. ಭೂಪಟದಲ್ಲಿ ಗಾಳಿಯ ಬದಿ ಯಾವುದೆಂದು ಗುರುತಿಸಿ

ಕೆರಿಬಿಯನ್‌ನಲ್ಲಿ ವರ್ಷದ ಬಹುಪಾಲು ಪೂರ್ವದಿಂದ ವಾಣಿಜ್ಯ ಮಾರುತ ಬೀಸುತ್ತದೆ. ಪೂರ್ವದ ದಡಕ್ಕೆ ಅಲೆ ಅಪ್ಪಳಿಸುತ್ತದೆ, ಪಶ್ಚಿಮದ ದಡ ಗಾಳಿಯ ಮರೆಯಲ್ಲಿ ಶಾಂತವಾಗಿರುತ್ತದೆ. ದ್ವೀಪದ ಪಶ್ಚಿಮದ ಬದಿ ಎಷ್ಟು ಉದ್ದವಿದೆ, ಹವಳ ಆ ಬದಿಯಲ್ಲಿದೆಯೇ ಎಂಬುದೇ ಮೊದಲ ಪರೀಕ್ಷೆ. ಬೊನೇರ್‌ನ ಆಕಾರ ಇದಕ್ಕೆ ಅನುಕೂಲವಾಗಿದೆ. ಪಶ್ಚಿಮ ದಡ ಒಳಬಾಗಿದೆ, ಅದರ ಮುಂದೆ ಕ್ಲೈನ್ ಬೊನೇರ್ ಎಂಬ ಜನವಸತಿಯಿಲ್ಲದ ಪುಟ್ಟ ದ್ವೀಪವಿದೆ. ಡೈವಿಂಗ್ ಜಾಗಗಳಲ್ಲಿ ಹೆಚ್ಚಿನವು ಈ ಎರಡರ ಸುತ್ತಲೇ ಇವೆ. ಪೂರ್ವದ ಬದಿಗೆ ಅನುಭವಿಗಳು, ಅದೂ ಸ್ಥಳೀಯ ಮಾರ್ಗದರ್ಶಿಯ ಜೊತೆ, ಗಾಳಿ ತಗ್ಗಿದ ದಿನ ಮಾತ್ರ ಹೋಗುತ್ತಾರೆ.

ಗಾಳಿಮರೆ ಅನ್ನುವುದು ಖಾತರಿಯಲ್ಲ. ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ ಕೆಲವೊಮ್ಮೆ ಗಾಳಿ ದಿಕ್ಕು ಬದಲಿಸಿ ಪಶ್ಚಿಮದಿಂದ ಬೀಸುತ್ತದೆ. ಆಗ ಬೊನೇರ್‌ನ ದಡದ ಡೈವಿಂಗ್ ನಿಂತೇಹೋಗುತ್ತದೆ, ದೋಣಿಗಳನ್ನು ಬಂದರಿನೊಳಗೆ ಸೇರಿಸುತ್ತಾರೆ. 1999ರ ನವೆಂಬರ್‌ನಲ್ಲಿ ಲೆನ್ನಿ ಚಂಡಮಾರುತ ಪಶ್ಚಿಮದಿಂದ ಪೂರ್ವಕ್ಕೆ ಉಲ್ಟಾ ಸಾಗಿತು. ದ್ವೀಪದ ಮೇಲೆ ಅದು ಹಾಯಲೇ ಇಲ್ಲ. ಆದರೂ ಅದೆಬ್ಬಿಸಿದ ಅಲೆಗಳು ಪಶ್ಚಿಮ ದಡದ ಆಳವಿಲ್ಲದ ಹವಳವನ್ನು ಪುಡಿಮಾಡಿದವು.

ಚಂಡಮಾರುತದ ಕಾಲ ಜೂನ್ 1ರಿಂದ ನವೆಂಬರ್ 30ರವರೆಗೆ. ಅದರಲ್ಲಿ ಆಗಸ್ಟ್‌ನಿಂದ ಅಕ್ಟೋಬರ್ ಉಗ್ರ. ಅರೂಬಾ, ಬೊನೇರ್, ಕ್ಯುರಸಾವ್ ಮೂರೂ ದಕ್ಷಿಣದಲ್ಲಿ, ಚಂಡಮಾರುತದ ಮುಖ್ಯ ದಾರಿಯ ಹೊರಗಿವೆ. ಸೆಪ್ಟೆಂಬರ್‌ನಲ್ಲೇ ರಜೆ ಸಿಗುವವರಿಗೆ ಇದೊಂದು ಬಲವಾದ ಕಾರಣ. ಕೊಝುಮೆಲ್ (2005ರಲ್ಲಿ ವಿಲ್ಮಾ), ಡೊಮಿನಿಕಾ (2017ರಲ್ಲಿ ಮರಿಯಾ), ಗ್ರೆನಡಾದ ಕ್ಯಾರಿಯಕೂ (2024ರ ಜುಲೈನಲ್ಲಿ ಬೆರಿಲ್) ಇವೆಲ್ಲ ನೇರ ಹೊಡೆತ ತಿಂದ ಜಾಗಗಳು. ಕೊಝುಮೆಲ್‌ಗೆ ಚಳಿಗಾಲದಲ್ಲಿ ಇನ್ನೊಂದು ಕಾಟವಿದೆ. ಉತ್ತರದಿಂದ ಬೀಸುವ ನಾರ್ಟೆ ಗಾಳಿ ಬಂದಾಗ ಬಂದರು ಮುಚ್ಚುತ್ತಾರೆ, ಒಂದೆರಡು ದಿನ ದೋಣಿಯೇ ಹೊರಡುವುದಿಲ್ಲ.

ಟೊಬೇಗೋ ನೋಡುತ್ತಿದ್ದರೆ ಒರಿನೋಕೋ ನದಿಯನ್ನು ಲೆಕ್ಕಕ್ಕೆ ತೆಗೆದುಕೊಳ್ಳಿ. ವೆನೆಜುವೆಲಾದ ಮಳೆಗಾಲದಲ್ಲಿ ಅದರ ನೀರು ಅಲ್ಲಿಯವರೆಗೆ ಹರಡಿ ಕಡಲು ಹಸಿರಾಗುತ್ತದೆ. ಪ್ಲ್ಯಾಂಕ್ಟನ್ ಹೆಚ್ಚಿ ಮೀನು ಕೊಬ್ಬುತ್ತವೆ, ಕಾಣುವ ದೂರ ಕುಗ್ಗುತ್ತದೆ. ಸಾರ್ಗಾಸಮ್ ಪಾಚಿಯ ರಾಶಿ 2011ರಿಂದೀಚೆಗೆ ಬಹುತೇಕ ಪ್ರತಿ ಬೇಸಿಗೆ ಪೂರ್ವದ ದಡಗಳಿಗೆ ಬಂದು ಬೀಳುತ್ತಿದೆ. ಕೊಳೆತಾಗ ಅದರ ವಾಸನೆ ಸಹಿಸಲಾಗದು. ಹೋಟೆಲು ಪೂರ್ವದ ಬದಿಯಲ್ಲಿದ್ದರೆ ಮಾತ್ರ ಇದಕ್ಕೆ ತಲೆಕೆಡಿಸಿಕೊಳ್ಳಿ.

3. ಹವಳ ಈಗ ಹೇಗಿದೆ?

ಬಹಳ ಜನ ಎಡವುವುದು ಇಲ್ಲೇ. ಹತ್ತು ವರ್ಷ ಹಳೆಯ ಹೊಗಳಿಕೆ ಓದಿ ಹೋಗಿ ಪಾಚಿ ಹತ್ತಿದ ಕಲ್ಲು ನೋಡಿ ಬರುತ್ತಾರೆ. ಕೆರಿಬಿಯನ್ ಹವಳ ಕಳೆದ ಐವತ್ತು ವರ್ಷಗಳಲ್ಲಿ ಒಂದರ ಮೇಲೊಂದು ಪೆಟ್ಟು ತಿಂದಿದೆ. ಎಲ್ಕ್‌ಹಾರ್ನ್, ಸ್ಟ್ಯಾಗ್‌ಹಾರ್ನ್ ಹವಳಗಳನ್ನು ವೈಟ್ ಬ್ಯಾಂಡ್ ರೋಗ ತಿಂದುಹಾಕಿತು. 1983–84ರಲ್ಲಿ ಡಯಡೆಮಾ ಎಂಬ ಉದ್ದ ಮುಳ್ಳಿನ ಕಪ್ಪು ಅರ್ಚಿನ್‌ಗಳು ಸಾಮೂಹಿಕವಾಗಿ ಸತ್ತವು. ಪಾಚಿ ಮೇಯುತ್ತಿದ್ದ ಅವು ಹೋದ ಮೇಲೆ ಪಾಚಿಗೆ ತಡೆಯಿಲ್ಲದಾಯಿತು. 2014ರಲ್ಲಿ ಫ್ಲೋರಿಡಾದಲ್ಲಿ ಕಾಣಿಸಿಕೊಂಡ ಸ್ಟೋನಿ ಕೋರಲ್ ಟಿಶ್ಯೂ ಲಾಸ್ ಎಂಬ, ಗಟ್ಟಿ ಹವಳದ ಜೀವಂತ ಪದರ ಕಳಚಿಹಾಕುವ ರೋಗ ದ್ವೀಪದಿಂದ ದ್ವೀಪಕ್ಕೆ ಹಬ್ಬಿ 2023ರಲ್ಲಿ ಬೊನೇರ್‌ಗೂ ಬಂತು. ಅದೇ ವರ್ಷ ಕಡಲು ಮಿತಿಮೀರಿ ಕಾದು ಹವಳ ಬಣ್ಣ ಕಳೆದುಕೊಳ್ಳುವ ಬಿಳಿಚುವಿಕೆಯೂ ಶುರುವಾಯಿತು. ಆದ್ದರಿಂದ 2023ಕ್ಕಿಂತ ಹಿಂದಿನ ವಿಮರ್ಶೆ, ವಿಡಿಯೊಗಳನ್ನು ಯಾವ ದ್ವೀಪದ ವಿಷಯದಲ್ಲೂ ಪುರಾವೆ ಎಂದು ಒಪ್ಪಬೇಡಿ.

ನೋಡಬೇಕಾದ್ದು ಮೂರು ಕಡೆ. ಅಮೆರಿಕದ ನೋವಾ (NOAA) ಸಂಸ್ಥೆಯ ಕೋರಲ್ ರೀಫ್ ವಾಚ್ ಪುಟದಲ್ಲಿ ಆಯಾ ಪ್ರದೇಶದ 'ಡಿಗ್ರಿ ಹೀಟಿಂಗ್ ವೀಕ್ಸ್' ಅಂಕಿ ಸಿಗುತ್ತದೆ. ಕಡಲು ಎಷ್ಟು ವಾರ, ಎಷ್ಟು ಡಿಗ್ರಿ ಹೆಚ್ಚು ಕಾದಿದೆ ಎಂಬುದರ ಮೊತ್ತ ಅದು. 4 ದಾಟಿದರೆ ಹವಳ ಬಿಳಿಚುತ್ತದೆ, 8 ದಾಟಿದರೆ ಸಾಯತೊಡಗುತ್ತದೆ. ಎರಡನೆಯದು ಆಗ್ರಾ (AGRRA) ಎಂಬ ಹವಳದ ದಿಬ್ಬಗಳ ಸಮೀಕ್ಷಾ ಜಾಲದ ರೋಗದ ನಕ್ಷೆ. ಸ್ಟೋನಿ ಕೋರಲ್ ರೋಗ ಎಲ್ಲೆಲ್ಲಿ ಕಂಡಿದೆ ಎಂದು ಅದರಲ್ಲಿದೆ. ಮೂರನೆಯದು ರೀಫ್ (REEF) ಎಂಬ ಹೆಸರಿನ ಸ್ವಯಂಸೇವಾ ಸಂಸ್ಥೆಯ ಮೀನು ಸಮೀಕ್ಷೆ. ಅದರಲ್ಲಿ ದ್ವೀಪದ ಹೆಸರು ಕೊಟ್ಟರೆ ಯಾವ ಮೀನು ನೂರರಲ್ಲಿ ಎಷ್ಟು ಡೈವ್‌ಗಳಲ್ಲಿ ಕಂಡಿದೆ ಎಂದು ಬರುತ್ತದೆ. ಗ್ರೂಪರ್, ದೊಡ್ಡ ಪ್ಯಾರಟ್‌ಫಿಶ್ ಎರಡನ್ನೂ ಹುಡುಕಿ. ಮೀನುಗಾರಿಕೆಯ ಒತ್ತಡ ಹೆಚ್ಚಿರುವಲ್ಲಿ ಮೊದಲು ಮಾಯವಾಗುವುದು ಇವೇ. ಬೊನೇರ್ 2010ರಲ್ಲೇ ಪ್ಯಾರಟ್‌ಫಿಶ್ ಹಿಡಿಯುವುದನ್ನು ನಿಷೇಧಿಸಿತು.

ಆಮೇಲೆ ಇತ್ತೀಚಿನ ವಿಡಿಯೊಗಳು. ಆಮೆಯನ್ನೋ ಕಡಲ್ಗುದುರೆಯನ್ನೋ ಹತ್ತಿರದಿಂದ ತೆಗೆದ ದೃಶ್ಯದಿಂದ ಏನೂ ತಿಳಿಯದು. ಕ್ಯಾಮೆರಾ ತಿರುಗಿದಾಗ ಹಿನ್ನೆಲೆಯಲ್ಲಿ ಸರಿಯುವ ನೆಲ ನೋಡಬೇಕು. 10ರಿಂದ 15 ಮೀಟರ್ ಆಳದ ಒಂದು ಚೌಕಟ್ಟಿನಲ್ಲಿ ವಿಡಿಯೊ ನಿಲ್ಲಿಸಿ. ಮಿದುಳಿನ ಮಡಿಕೆಯಂಥ ಬ್ರೇನ್ ಹವಳದ ದುಂಡನೆಯ ಗುಡ್ಡೆಯೊಂದು ಸಿಕ್ಕೇ ಸಿಗುತ್ತದೆ. ಅದರ ಬಣ್ಣ ಕಂದು ಅಥವಾ ಹಸಿರು ಮಿಶ್ರಿತ ಹಳದಿಯಾಗಿದ್ದು ಮಡಿಕೆಗಳು ಸ್ಪಷ್ಟವಾಗಿದ್ದರೆ ಅದು ಬದುಕಿದೆ. ಇಡೀ ಗುಡ್ಡೆ ಒಂದೇ ಸಮನೆ ಪೇಲವವಾಗಿದ್ದರೆ ಬಿಳಿಚಿದೆ. ನೀರು ತಣಿದರೆ ಚೇತರಿಸಿಕೊಳ್ಳಲೂಬಹುದು. ಒಂದು ಬದಿ ಸಹಜ ಬಣ್ಣ, ಇನ್ನೊಂದು ಬದಿ ಸುಣ್ಣದಂಥ ಬಿಳಿ, ನಡುವೆ ಗೆರೆ ಎಳೆದಂಥ ಅಂಚು ಕಂಡರೆ ಅದು ರೋಗ. ಆ ಗೆರೆ ಸರಿಯುತ್ತ ಹೋಗಿ ಕೆಲವೇ ವಾರಗಳಲ್ಲಿ ಗುಡ್ಡೆ ಪೂರ್ತಿ ಸಾಯಬಹುದು. ಆಕಾರ ಮಾತ್ರ ಉಳಿದು ಮೇಲೆಲ್ಲ ಮಾಸಲು ಕಂದು ತುಪ್ಪಳ ಹತ್ತಿದ್ದರೆ ಅದು ಸತ್ತು ಬಹಳ ಕಾಲವಾಗಿದೆ. ಹೀಗೆ ಬೇರೆ ಬೇರೆ ಸೈಟ್‌ಗಳ ಹತ್ತು ಗುಡ್ಡೆ ಎಣಿಸಿ ನೋಡಿ. ಅರ್ಧಕ್ಕಿಂತ ಹೆಚ್ಚು ಸತ್ತಿದ್ದರೆ ಆ ದ್ವೀಪವನ್ನು ಹವಳಕ್ಕಾಗಿ ಆರಿಸಬೇಡಿ. ಹಡಗಿನ ಅವಶೇಷಕ್ಕೋ ಮೀನಿಗೋ ಹೋಗುವುದಾದರೆ ಅದು ಬೇರೆ ಮಾತು.

ಸೀ ಫ್ಯಾನ್ ನೋಡಿ ಮಾರುಹೋಗಬೇಡಿ. ಅವು ಮೃದು ಹವಳ, ಈ ರೋಗ ಅವಕ್ಕೆ ತಗಲುವುದಿಲ್ಲ. ಗಟ್ಟಿ ಹವಳ ಸತ್ತುಹೋದ ಜಾಗದಲ್ಲೂ ಅವು ಬಳುಕುತ್ತಲೇ ಇರುತ್ತವೆ. ಜಾಹೀರಾತಿನಲ್ಲಿ ಅವೇ ತುಂಬಿರುವುದಕ್ಕೆ ಇದೂ ಒಂದು ಕಾರಣವಿರಬಹುದು.

4. ಹವಳದ ತಲೆ ಎಷ್ಟು ಆಳದಲ್ಲಿ ಶುರುವಾಗುತ್ತದೆ?

ಡೈವ್ ಎಷ್ಟು ಹೊತ್ತು ಸಿಗುತ್ತದೆ ಎಂದು ನಿರ್ಧರಿಸುವುದು ಇದು. ಅಲ್ಲಿ ಮಾಮೂಲಿ ಕೊಡುವ ಅಲ್ಯುಮಿನಿಯಮ್ 80 ಸಿಲಿಂಡರ್ ಸುಮಾರು 11 ಲೀಟರ್‌ನದು, 200 ಬಾರ್ ಒತ್ತಡಕ್ಕೆ ಗಾಳಿ ತುಂಬಿರುತ್ತದೆ. 50 ಬಾರ್ ಉಳಿಸಿಕೊಂಡು ಮೇಲೆ ಬರಬೇಕೆಂದರೆ ಬಳಸಲು ಸಿಗುವುದು ಸುಮಾರು 1,650 ಲೀಟರ್ ಗಾಳಿ. ಮೇಲ್ಮೈಯಲ್ಲಿ ನಿಮಿಷಕ್ಕೆ 20 ಲೀಟರ್ ಉಸಿರಾಡುವವರು 10 ಮೀಟರ್ ಆಳದಲ್ಲಿ ಒತ್ತಡ ಇಮ್ಮಡಿಯಾಗುವುದರಿಂದ 40 ಲೀಟರ್ ಖರ್ಚು ಮಾಡುತ್ತಾರೆ. ಸಿಲಿಂಡರ್ 41 ನಿಮಿಷ ಬರುತ್ತದೆ. 18 ಮೀಟರ್‌ನಲ್ಲಿ 56 ಲೀಟರ್, 29 ನಿಮಿಷ. 30 ಮೀಟರ್‌ನಲ್ಲಿ 80 ಲೀಟರ್, 20 ನಿಮಿಷ.

ಬೊನೇರ್‌ನಲ್ಲಿ ಹವಳದ ಇಳಿಜಾರು ಹಲವು ಕಡೆ 8–10 ಮೀಟರ್‌ನಲ್ಲೇ ಶುರುವಾಗುತ್ತದೆ. ಮೊದಲು 20 ಮೀಟರ್‌ಗೆ ಇಳಿದು, ಉಳಿದ ಹೊತ್ತನ್ನು 8 ಮೀಟರ್‌ನಲ್ಲಿ ಕಳೆದರೆ ಒಂದು ಗಂಟೆ ಆರಾಮಾಗಿ ಸಿಗುತ್ತದೆ. ಸೇಬಾದ ಹೆಸರುವಾಸಿ ಶಿಖರಗಳ ತುದಿಯೇ 25 ಮೀಟರ್ ಆಸುಪಾಸಿನಲ್ಲಿದೆ. ಅಲ್ಲಿ ನೋಡುವುದು ಅದ್ಭುತವೇ, ಆದರೆ ಆಳದಲ್ಲಿ ಇರುವುದು ಹದಿನೈದು ಇಪ್ಪತ್ತು ನಿಮಿಷ. ಓಪನ್ ವಾಟರ್ ಎಂಬ ಮೊದಲ ಹಂತದ ಕೋರ್ಸ್ ಮಾತ್ರ ಮಾಡಿದವರ ಮಿತಿ 18 ಮೀಟರ್ ಆದ್ದರಿಂದ ಅವರಿಗೆ ಆ ಸೈಟ್‌ಗಳು ಲೆಕ್ಕಕ್ಕೇ ಬರುವುದಿಲ್ಲ. ಬೊನೇರ್‌ನ ಹಿಲ್ಮಾ ಹೂಕರ್ ಹಡಗೂ (1984ರಲ್ಲಿ ಮುಳುಗಿದ್ದು, 72 ಮೀಟರ್ ಉದ್ದ) ಮರಳಿನ ಮೇಲೆ 30 ಮೀಟರ್‌ನಲ್ಲಿ ಮಗ್ಗುಲಾಗಿ ಮಲಗಿದೆ, ಮೇಲಿನ ಅಂಚು 18 ಮೀಟರ್‌ನಲ್ಲಿದೆ.

ದಿನಕ್ಕೆ ಮೂರು ಡೈವ್ ಅಂದುಕೊಂಡಿದ್ದರೆ ನೈಟ್ರಾಕ್ಸ್ (ಆಮ್ಲಜನಕ ಹೆಚ್ಚಿಸಿದ ಗಾಳಿ) ಕೋರ್ಸ್ ಮುಗಿಸಿಕೊಂಡೇ ಹೋಗಿ. 32 ಶೇಕಡಾ ಆಮ್ಲಜನಕದ ಮಿಶ್ರಣಕ್ಕೆ ಆಳದ ಮಿತಿ 33 ಮೀಟರ್. ಬೊನೇರ್‌ನಲ್ಲಿ ಹಲವು ಅಂಗಡಿಗಳು ಗಾಳಿಯ ದರಕ್ಕೇ ಕೊಡುತ್ತವೆ. ಸಿಲಿಂಡರ್‌ನ ಮಿಶ್ರಣವನ್ನು ಅನಲೈಸರ್‌ನಲ್ಲಿ ನೀವೇ ಅಳೆದು ಸಹಿ ಹಾಕಬೇಕು. ಈ ಭಾಗದಲ್ಲಿ ವಾಲ್ವ್‌ಗಳು ಹೆಚ್ಚಾಗಿ ಹಿಡಿಕೆಯಿಂದ ಬಿಗಿಯುವ ಯೋಕ್ ಮಾದರಿಯವು. ನಿಮ್ಮ ರೆಗ್ಯುಲೇಟರ್ (ಸಿಲಿಂಡರ್ ಗಾಳಿ ಉಸಿರಾಡುವ ಸಾಧನ) ತಿರುಪಿನ ಡಿನ್ ಮಾದರಿಯದಾಗಿದ್ದರೆ ಅಡಾಪ್ಟರ್ ಇಟ್ಟುಕೊಳ್ಳಿ. ಅಲ್ಲಿ ಒತ್ತಡ ಹೇಳುವುದು ಪಿಎಸ್‌ಐನಲ್ಲಿ (3,000 ಅಂದರೆ ತುಂಬಿದ್ದು, 500 ಅಂದರೆ ಮೇಲೆ ಬರುವ ಹೊತ್ತು), ತೂಕ ಕೊಡುವುದು ಪೌಂಡಿನಲ್ಲಿ.

5. ದಡದಿಂದಲೋ ದೋಣಿಯಿಂದಲೋ?

ಬೊನೇರ್‌ನ ರಸ್ತೆಯುದ್ದಕ್ಕೂ ಹಳದಿ ಬಣ್ಣ ಬಳಿದ ಕಲ್ಲುಗಳಲ್ಲಿ ಸೈಟ್‌ಗಳ ಹೆಸರಿದೆ. ದಡದಿಂದ ಇಳಿಯಬಹುದಾದವು 50ಕ್ಕೂ ಹೆಚ್ಚು. ಬೇಕಾದ ಹೊತ್ತಿಗೆ, ಬೇಕಾದಷ್ಟು ಸಲ ಇಳಿಯಬಹುದು. ಆದರೆ ಇದು ಹೇಳುವಷ್ಟು ಸಲೀಸಲ್ಲ. ದಡ ಮರಳಿನದಲ್ಲ, ಹಳೆಯ ಹವಳದ ಚೂಪು ಕಲ್ಲು. ಗಟ್ಟಿ ಅಡಿಯ ಬೂಟಿ, ಹಿಮ್ಮಡಿ ತೆರೆದ ಫಿನ್ (ಈಜಲು ಕಾಲಿಗೆ ಹಾಕುವ ರೆಕ್ಕೆ) ಬೇಕೇ ಬೇಕು. ಬರಿಗಾಲಿಗೆ ಹಾಕುವ ಫಿನ್ ಇಲ್ಲಿ ಉಪಯೋಗಕ್ಕೆ ಬಾರದು.

ಇಳಿಯುವ ಕ್ರಮ ಹೀಗೆ: ಐದು ನಿಮಿಷ ದಡದಲ್ಲಿ ನಿಂತು ಅಲೆಯ ಗುಂಪುಗಳನ್ನು ಗಮನಿಸಿ. ಎರಡು ಗುಂಪುಗಳ ನಡುವೆ ಶಾಂತ ಸಮಯ ಇರುತ್ತದೆ. ಫಿನ್ ಕೈಯಲ್ಲಿ, ಮಾಸ್ಕ್ ಮುಖದ ಮೇಲೆ, ರೆಗ್ಯುಲೇಟರ್ ಬಾಯಲ್ಲಿ, ಜಾಕೆಟ್‌ಗೆ ಗಾಳಿ ತುಂಬಿರಬೇಕು. ಜೊತೆಗಾರನ ಭುಜ ಹಿಡಿದು, ಪಾದ ಎತ್ತದೆ ಸವರಿಕೊಂಡು ಹೆಜ್ಜೆ ಇಡಿ. ಎದೆಮಟ್ಟ ನೀರು ಬಂದ ಕೂಡಲೇ ಮಲಗಿ ತೇಲುತ್ತ ಫಿನ್ ಹಾಕಿಕೊಳ್ಳಿ. ಮೊಣಕಾಲು ಮಟ್ಟದಲ್ಲಿ ನಿಂತು ಫಿನ್ ಹಾಕಲು ಹೋದವರೇ ಬಿದ್ದು ಕೈ ಕುಯ್ದುಕೊಳ್ಳುವುದು, ಅರ್ಚಿನ್ ಮುಳ್ಳು ಚುಚ್ಚಿಸಿಕೊಳ್ಳುವುದು. ಕೈಗವಸು ಹಾಕಲು ಅಲ್ಲಿ ಅನುಮತಿಯಿಲ್ಲ ಅನ್ನುವುದೂ ನೆನಪಿರಲಿ. ಡೈವ್ ಶುರುವಿನಲ್ಲಿ ಸೆಳೆತಕ್ಕೆ ಎದುರಾಗಿ ಹೋಗಿ, ಅರ್ಧ ಗಾಳಿ ಮುಗಿದಾಗ ತಿರುಗಿ. ಸಾವಿರ ಮೆಟ್ಟಿಲು ಎಂಬ ಸೈಟ್‌ನಲ್ಲಿ ಮೆಟ್ಟಿಲಿರುವುದು ಎಪ್ಪತ್ತರ ಆಸುಪಾಸು ಮಾತ್ರ. ಸಿಲಿಂಡರ್ ಹೊತ್ತು ಹತ್ತುವಾಗ ಆ ಹೆಸರು ಯಾಕೆ ಬಂತೆಂದು ತಿಳಿಯುತ್ತದೆ. ಮಂಡಿನೋವಿದ್ದವರು ಬಿಟ್ಟುಬಿಡಿ.

ವಾಹನದಲ್ಲಿ ಏನನ್ನೂ ಬಿಡಬೇಡಿ, ಬಾಗಿಲಿಗೆ ಬೀಗವನ್ನೂ ಹಾಕಬೇಡಿ. ಕಳ್ಳತನ ಇರುವ ಜಾಗ. ಬೀಗ ಹಾಕಿದರೆ ಗಾಜು ಒಡೆದ ಖರ್ಚೂ ನಿಮ್ಮ ತಲೆಗೇ.

ಗುಂಪಿನಲ್ಲಿ ಹೊಸಬರು, ವಯಸ್ಸಾದವರು ಇದ್ದರೆ ಕೊಝುಮೆಲ್‌ನಂಥ ದೋಣಿಯ ಡೈವಿಂಗ್ ಹಗುರ. ಅಲ್ಲಿ ಸೆಳೆತವೇ ಕರೆದೊಯ್ಯುತ್ತದೆ, ದೋಣಿ ಹಿಂಬಾಲಿಸುತ್ತದೆ. ಆದರೆ ಗುಂಪು ಬಿಟ್ಟು ಬೇರೆಯಾದರೆ ದೋಣಿಗೆ ಕಾಣಿಸಿಕೊಳ್ಳಲು ಕಿತ್ತಳೆ ಬಣ್ಣದ ಮಾರ್ಕರ್ ಟ್ಯೂಬ್ ಪ್ರತಿಯೊಬ್ಬರ ಬಳಿಯೂ ಇರಬೇಕು. ಅದನ್ನು ನೀರೊಳಗಿಂದ ಬಿಡಲು ಮೊದಲೇ ಕಲಿತಿರಬೇಕು.

6. ಕಾಗದಪತ್ರ, ಶುಲ್ಕ, ನಿಯಮ

ಬೊನೇರ್ 2010ರಿಂದ ನೆದರ್ಲೆಂಡ್ಸ್‌ನ ವಿಶೇಷ ಪುರಸಭೆ, ಆದರೆ ಷೆಂಗೆನ್ ವಲಯದೊಳಗಿಲ್ಲ. ಭಾರತದ ಪಾಸ್‌ಪೋರ್ಟ್ ಇರುವವರಿಗೆ ಕೆರಿಬಿಯನ್ ಭಾಗದ ವೀಸಾ ಬೇರೆಯೇ. ಬೇರೆ ದೇಶಗಳ ವೀಸಾ, ವಾಸದ ಪರವಾನಗಿ ಇರುವವರಿಗೆ ಕೆಲವು ವಿನಾಯಿತಿಗಳಿವೆ. ಟಿಕೆಟ್‌ಗೆ ಮುಂಚೆ ಡಚ್ ದೂತಾವಾಸದ ಪುಟ ನೋಡಿ. ಮೆಕ್ಸಿಕೋದ ಕೊಝುಮೆಲ್‌ಗೆ ಚಾಲ್ತಿಯಲ್ಲಿರುವ ಅಮೆರಿಕದ ವೀಸಾ ಇದ್ದರೆ ಸಾಕಾಗುತ್ತದೆ.

ಬೊನೇರ್‌ಗೆ ಬರುವವರು 75 ಡಾಲರ್ ಪ್ರವೇಶ ತೆರಿಗೆ, ಅದರ ಮೇಲೆ ಮರೀನ್ ಪಾರ್ಕ್ ನೋಡಿಕೊಳ್ಳುವ ಸ್ಟಿನಾಪಾಗೆ 40 ಡಾಲರ್ ನೇಚರ್ ಫೀ ಕಟ್ಟಬೇಕು. ಫೀ ಆ ಕ್ಯಾಲೆಂಡರ್ ವರ್ಷಕ್ಕೆ ಮಾತ್ರ. ಡಿಸೆಂಬರ್ ಕೊನೆಯಲ್ಲಿ ಹೋಗಿ ಜನವರಿಯಲ್ಲಿ ಮರಳುವವರು ಇದನ್ನು ಗಮನಿಸಿ. ಮೊದಲ ದಿನ ಪಾರ್ಕ್‌ನ ನಿಯಮಗಳ ವಿವರಣೆ ಕೇಳಿ, ಒಂದು ಪರೀಕ್ಷಾ ಡೈವ್ ಮುಗಿಸಿದ ಮೇಲೆಯೇ ಸ್ವಂತವಾಗಿ ಇಳಿಯಲು ಬಿಡುತ್ತಾರೆ. ಕಟ್ಟುನಿಟ್ಟು ಇಷ್ಟಿದೆ ಎಂದರೆ ಅದು ದ್ವೀಪದ ಪರವಾದ ಅಂಕವೇ. ಪಾರ್ಕ್ 1979ರಿಂದ ಇದೆ, ದಡದಿಂದ 60 ಮೀಟರ್ ಆಳದವರೆಗೆ ದ್ವೀಪದ ಸುತ್ತಲೂ ವ್ಯಾಪಿಸಿದೆ.

7. ವಿಮಾನ, ಬೆಟ್ಟ, ವಿಮೆ

ಆಳದಲ್ಲಿ ಮೈಯೊಳಗೆ ಕರಗಿದ ಸಾರಜನಕ ಎತ್ತರಕ್ಕೆ ಏರಿದಾಗ ಗುಳ್ಳೆಯಾಗಿ ಅಪಾಯ ತರಬಹುದು. ಹಾಗಾಗಿ ಹಲವು ದಿನ ಹಲವು ಡೈವ್ ಮಾಡಿದ ಮೇಲೆ ವಿಮಾನ ಹತ್ತಲು ಕನಿಷ್ಠ 18 ಗಂಟೆ ಬಿಡಬೇಕು. 24 ಬಿಟ್ಟರೆ ನೆಮ್ಮದಿ. ಜನ ಮರೆಯುವುದು ಬೆಟ್ಟವನ್ನು. ಸೇಬಾದಲ್ಲಿ ಪ್ರವಾಸಿಗರು ತಂಗುವ ವಿಂಡ್‌ವರ್ಡ್‌ಸೈಡ್ ಊರೇ ಕಡಲಿನಿಂದ ಸುಮಾರು 400 ಮೀಟರ್ ಎತ್ತರದಲ್ಲಿದೆ, ಡೈವ್ ಮುಗಿಸಿ ಕಾರಿನಲ್ಲಿ ಅಲ್ಲಿಗೇ ಏರಬೇಕು. ಹಾಗಾಗಿ ಕೊನೆಯ ಡೈವ್ ಆಳವಾಗಿರಬಾರದು, ಸೇಫ್ಟಿ ಸ್ಟಾಪ್ (ಮೇಲೆ ಬರುವ ಮೊದಲು ಕೆಲ ನಿಮಿಷ ನಿಲ್ಲುವುದು) ಉದ್ದ ಇರಬೇಕು. ಡೊಮಿನಿಕಾದ ಚಾರಣವನ್ನೂ ಡೈವಿಂಗ್‌ಗೆ ಮುಂಚೆ ಇಟ್ಟುಕೊಳ್ಳಿ.

ಆ ಗುಳ್ಳೆಗಳ ಕಾಯಿಲೆಗೆ ಚಿಕಿತ್ಸೆ ಕೊಡುವ ಡಿಕಂಪ್ರೆಷನ್ ಚೇಂಬರ್ ದ್ವೀಪದಲ್ಲೇ ಇದೆಯೇ ಎಂದು ಕೇಳಿ. ಬೊನೇರ್‌ನಲ್ಲಿ, ಕೊಝುಮೆಲ್‌ನಲ್ಲಿ ಇದೆ. ಇಲ್ಲದ ದ್ವೀಪದಿಂದ ತುರ್ತು ವಿಮಾನದಲ್ಲಿ ಸಾಗಿಸುವ ಖರ್ಚು ರಜೆಯ ಖರ್ಚಿನ ಹಲವು ಪಟ್ಟು. ಸಾಮಾನ್ಯ ಪ್ರಯಾಣ ವಿಮೆಯ ಕಾಗದದಲ್ಲಿ ಸ್ಕೂಬಾ ಎಂಬ ಶಬ್ದ ಹುಡುಕಿ. ಹೊರಗಿಟ್ಟಿರುತ್ತಾರೆ, ಇಲ್ಲವೇ ಆಳದ ಮಿತಿ ಹಾಕಿರುತ್ತಾರೆ. ಡ್ಯಾನ್ (ಡೈವರ್ಸ್ ಅಲರ್ಟ್ ನೆಟ್‌ವರ್ಕ್) ಸಂಸ್ಥೆಯ ಡೈವಿಂಗ್ ವಿಮೆ ಇದಕ್ಕೆಂದೇ ಇರುವುದು.

8. ಈಗ ಗಂಟೆ ಲೆಕ್ಕ ಹಾಕಿ

ಎಂಟು ದಿನದ ರಜೆ ಅನ್ನಿ. ತಲುಪುವ ದಿನ, ಮರಳುವ ಮುನ್ನಾದಿನದ ಮಧ್ಯಾಹ್ನದಿಂದಾಚೆ ಕಳೆದರೆ ಡೈವಿಂಗ್‌ಗೆ ಉಳಿಯುವುದು ಐದೂವರೆ ದಿನ. ಬೊನೇರ್‌ನಲ್ಲಿ ದಿನಕ್ಕೆ ಮೂರರಂತೆ 16 ಡೈವ್, ಒಂದೊಂದೂ ಒಂದು ಗಂಟೆ: 16 ಗಂಟೆ. ಕೊಝುಮೆಲ್‌ನಲ್ಲಿ ದೋಣಿ ದಿನಕ್ಕೆ ಎರಡು, 50 ನಿಮಿಷದವು, 11 ಡೈವ್: ಒಂಬತ್ತು ಗಂಟೆ ಚಿಲ್ಲರೆ. ಸೇಬಾಕ್ಕೆ ಸಿಂಟ್ ಮಾರ್ಟೆನ್‌ನಲ್ಲಿ ಇಳಿದು ಪುಟ್ಟ ವಿಮಾನವನ್ನೋ ದೋಣಿಯನ್ನೋ ಹಿಡಿಯಬೇಕು. ಹೋಗುವಾಗ ಬರುವಾಗ ಇನ್ನೊಂದು ದಿನ ಹೋಯಿತು, ಉಳಿದದ್ದು ಏಳು ಗಂಟೆ ಇದ್ದೀತು. ವಿಮಾನ, ತಂಗುವುದು, ವಾಹನ, ಡೈವಿಂಗ್, ತೆರಿಗೆ ಎಲ್ಲ ಸೇರಿಸಿ ಈ ಗಂಟೆಗಳಿಂದ ಭಾಗಿಸಿ. ಅಗ್ಗದ ಹೋಟೆಲಿನ ದ್ವೀಪ ಗಂಟೆಯ ಲೆಕ್ಕದಲ್ಲಿ ದುಬಾರಿಯಾಗುವುದು ಆಗ ಕಾಣುತ್ತದೆ. ಗಾಳಿಯ ತಿಂಗಳಾದರೆ ಎರಡು ದಿನದ ಡೈವ್‌ಗಳನ್ನು ಕಳೆದೇ ಲೆಕ್ಕ ಹಾಕಿ.

ಕೊನೆಗೆ ಎರಡು ಮೂರು ಡೈವ್ ಅಂಗಡಿಗಳಿಗೆ ಒಂದೇ ಪತ್ರ ಬರೆಯಿರಿ. ಕಳೆದ ವರ್ಷ ಇದೇ ತಿಂಗಳಲ್ಲಿ ಎಷ್ಟು ದಿನ ದೋಣಿ ಹೊರಡಲಿಲ್ಲ? ಒಬ್ಬ ಮಾರ್ಗದರ್ಶಿಗೆ ಎಷ್ಟು ಜನ? ದೋಣಿಯಲ್ಲಿ ಆಮ್ಲಜನಕದ ಸಿಲಿಂಡರ್ ಇದೆಯೇ? ಈಗ ರೋಗ ಕಡಿಮೆ ಇರುವ ಸೈಟ್‌ಗಳು ಯಾವುವು, ಸಲಕರಣೆಗೆ ಸೋಂಕುನಾಶಕ ಎಲ್ಲಿಡುತ್ತೀರಿ? ಉತ್ತರದಲ್ಲಿ ಸೈಟ್‌ಗಳ ಹೆಸರು, ಆಳ, ಸಂಖ್ಯೆ ಇದ್ದರೆ ಮುಂಗಡ ಕಳಿಸಬಹುದು. "ಎಲ್ಲವೂ ಸೂಪರ್, ಬನ್ನಿ" ಎಂದಷ್ಟೇ ಬಂದರೆ ಆ ಅಂಗಡಿಯನ್ನು ಪಟ್ಟಿಯಿಂದ ತೆಗೆಯಿರಿ. ಮೂರೂ ಅಂಗಡಿಗಳಿಂದ ಹಾಗೆಯೇ ಬಂದರೆ ದ್ವೀಪವನ್ನೇ ತೆಗೆಯಿರಿ.